ಮೈಸೂರು ದಸರಾ ಲೈಟಿಂಗ್: ಮಂಡಿ ನೋವಿನ ಅತ್ತೆ, ಇಬ್ಬರು ಚಿಕ್ಕ ಮಕ್ಕಳ ಜೊತೆ ಹೋಗುವುದು ಹೇಗೆ?

ತಿಪಟೂರಿನ ಸೊಸೆ
ಎಲ್ಲರಿಗೂ ನಮಸ್ಕಾರ. ಈ ನವರಾತ್ರಿಗೆ ಮೈಸೂರಿನ ಲೈಟಿಂಗ್ ನೋಡಲೇಬೇಕು ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ನಾನು, ಯಜಮಾನರು, ಅತ್ತೆ, ಆರು ವರ್ಷದ ಮಗ, ಎರಡು ವರ್ಷದ ಮಗಳು. ಅತ್ತೆಗೆ ಮಂಡಿ ನೋವು, ಒಂದೇ ಸಮನೆ ಜಾಸ್ತಿ ದೂರ ನಡೆಯಲು ಆಗುವುದಿಲ್ಲ. ಮಗನಿಗೆ ಜೋರು ಸದ್ದು ಆಗಿಬರುವುದಿಲ್ಲ, ಕಿವಿ ಮುಚ್ಚಿಕೊಂಡು ಕೂತುಬಿಡುತ್ತಾನೆ.

ಯಜಮಾನರು ಹೇಳುವುದು: ಕಾರಿನಲ್ಲೇ ಕೂತು ಊರೆಲ್ಲ ಒಂದು ರೌಂಡ್ ಹಾಕೋಣ, ಯಾರಿಗೂ ಕಷ್ಟ ಇಲ್ಲ. ನನಗೆ ಇಳಿದು ನಡೆಯಬೇಕು ಅಂತ ಆಸೆ. ಅತ್ತೆಗೆ ಬೇರೆ ಏನೂ ಬೇಡ, ಅರಮನೆಯ ದೀಪ ಹತ್ತುವ ಗಳಿಗೆ ನೋಡಬೇಕು ಅಷ್ಟೇ. ಚಿಕ್ಕವರಿದ್ದಾಗ ಅವರಪ್ಪ ಜಂಬೂಸವಾರಿಗೆ ಕರೆದುಕೊಂಡು ಹೋಗಿದ್ದರಂತೆ. ಕತ್ತಲಾಗುವ ಮೊದಲೇ ವಾಪಸ್ ರೈಲು ಹತ್ತಿಸಿಬಿಟ್ಟರಂತೆ. ಅದನ್ನು ಈಗಲೂ ಹೇಳುತ್ತಾರೆ.

ಯಾವ ದಿನ ಹೋದರೆ ಒಳ್ಳೆಯದು? ಕಾರು ಎಲ್ಲಿ ಬಿಡಬೇಕು? ಗೊತ್ತಿರುವವರು ಹೇಳಿ.

ಹಿನಕಲ್ ಹುಡುಗ
ಶನಿವಾರ, ಭಾನುವಾರ ಬೇಡ. ಬೇಡವೇ ಬೇಡ.

ಕುವೆಂಪುನಗರ ನಿವಾಸಿ
ಅಕ್ಕ, ಮೊದಲು ಕಾರಿನ ಯೋಚನೆ ಬಿಡಿ. ದಸರಾ ಸಂಜೆಗಳಲ್ಲಿ ಅರಮನೆ ಸುತ್ತಮುತ್ತ ಒನ್ ವೇ ಮಾಡುತ್ತಾರೆ. ಹಾರ್ಡಿಂಜ್ ಸರ್ಕಲ್ ಹತ್ತಿರ ಒಮ್ಮೆ ಸಿಕ್ಕಿಹಾಕಿಕೊಂಡರೆ ಮುಂದೆ ಹೋಗಲೂ ಆಗದು, ತಿರುಗಿಸಲೂ ಆಗದು. ಕಾರಿನ ಒಳಗೆ ಕೂತವರಿಗೆ ಕಾಣುವುದು ಮುಂದಿನ ಗಾಡಿಯ ಕೆಂಪು ಲೈಟ್. ಮೇಲೆ ಕಟ್ಟಿರುವ ದೀಪ ನೋಡಬೇಕಾದರೆ ಕಿಟಕಿಯಿಂದ ಕತ್ತು ಹೊರಗೆ ಹಾಕಬೇಕು. ಎರಡು ವರ್ಷದ ಮಗು ಅಷ್ಟು ಹೊತ್ತು ಕಾರಿನಲ್ಲಿ ಕೂರುತ್ತದೆಯಾ?

ನವರಾತ್ರಿಯ ಎರಡನೇ ಅಥವಾ ಮೂರನೇ ದಿನ, ಅದು ವಾರದ ಮಧ್ಯೆ ಬಂದರೆ, ಅವತ್ತೇ ಹೋಗಿ. ಲೈಟಿಂಗ್ ಎಲ್ಲ ದಿನವೂ ಅದೇ. ಜನ ಮಾತ್ರ ದಿನದಿಂದ ದಿನಕ್ಕೆ ಜಾಸ್ತಿ. ಆಯುಧಪೂಜೆ ಮತ್ತು ವಿಜಯದಶಮಿ ನಿಮ್ಮಂಥ ಕುಟುಂಬಕ್ಕೆ ಅಲ್ಲ.

ರಿಂಗ್ ರೋಡ್ ರಾಜ
ಎಲ್ಲರೂ ಕಾರು ಬೇಡ ಅಂತ ಒಂದೇ ರಾಗ. ಮಂಡಿ ನೋವಿರುವವರು ಏನು ಮಾಡಬೇಕು? ಮನೆಯಲ್ಲೇ ಇರಬೇಕಾ? ನಾವು ಪ್ರತಿ ವರ್ಷ ಅಪ್ಪನನ್ನು ಕಾರಿನಲ್ಲೇ ಕರೆದುಕೊಂಡು ಹೋಗುತ್ತೇವೆ. ಉಪಾಯ ಇಷ್ಟೇ, ರಾತ್ರಿ ಒಂಬತ್ತೂವರೆ ಮೇಲೆ ಹೊರಡಬೇಕು. ಆಗ ಮಕ್ಕಳ ಜೊತೆ ಬಂದವರೆಲ್ಲ ಮನೆಗೆ ಹೋಗಿರುತ್ತಾರೆ. ಜೆ.ಎಲ್.ಬಿ. ರೋಡ್, ಆಲ್ಬರ್ಟ್ ವಿಕ್ಟರ್ ರೋಡ್, ಬನ್ನಿಮಂಟಪದ ಕಡೆ ಆರಾಮಾಗಿ ಓಡಾಡಬಹುದು.

ಕುವೆಂಪುನಗರ ನಿವಾಸಿ
ರಾಜ ಅವರೇ, ರಸ್ತೆ ಲೈಟಿಂಗ್‌ಗೆ ನಿಮ್ಮ ಮಾತು ಸರಿ. ಆದರೆ ಆ ಹೊತ್ತಿಗೆ ಅರಮನೆ ದೀಪ ಆರಿರುವ ಸಾಧ್ಯತೆ ಜಾಸ್ತಿ. ಅಜ್ಜಿ ಕೇಳಿದ್ದು ಅರಮನೆ ದೀಪ ಹತ್ತುವುದನ್ನು. ಅದು ಸಂಜೆ ಏಳರ ವಿಷಯ. ಹತ್ತು ಗಂಟೆಗೆ ಎರಡು ವರ್ಷದ ಕೂಸು ಎದ್ದಿರುತ್ತದೆಯಾ ಹೇಳಿ.

ಅಗ್ರಹಾರದ ಮೇಷ್ಟ್ರು
ತಾಯಿ, ನಾನು ಇದೇ ಊರಿನಲ್ಲಿ ಹುಟ್ಟಿ ಬೆಳೆದವನು. ನಿಮ್ಮ ಅತ್ತೆಯವರ ಆಸೆಯನ್ನೇ ಮೊದಲು ಇಟ್ಟುಕೊಳ್ಳಿ, ಉಳಿದದ್ದು ತಾನಾಗಿ ಹೊಂದಿಕೊಳ್ಳುತ್ತದೆ.

ದಸರಾ ದಿನಗಳಲ್ಲಿ ಅರಮನೆ ಮುಂದೆ ವೇದಿಕೆ ಹಾಕಿ ಸಂಜೆ ಸಂಗೀತ, ನೃತ್ಯದ ಕಾರ್ಯಕ್ರಮ ನಡೆಸುತ್ತಾರೆ. ಕುರ್ಚಿ ಹಾಕಿರುತ್ತಾರೆ. ಪ್ರವೇಶಕ್ಕೆ ದುಡ್ಡಿಲ್ಲ. ವಸ್ತುಪ್ರದರ್ಶನ ನಡೆಯುವ ದೊಡ್ಡಕೆರೆ ಮೈದಾನದ ಎದುರಿಗೇ ಜಯಮಾರ್ತಾಂಡ ದ್ವಾರ ಇದೆ. ಆಟೋದಲ್ಲಿ ಅದರ ಹತ್ತಿರ ಇಳಿಯಿರಿ. ಆರು ಗಂಟೆಯ ಒಳಗೆ ಹೋಗಿ ಕುರ್ಚಿ ಹಿಡಿಯಿರಿ. ತೀರಾ ಮುಂದೆ ಬೇಡ. ಮುಂದೆ ಸ್ಪೀಕರ್ ಸದ್ದು, ನಿಮ್ಮ ಮಗನಿಗೆ ಕಷ್ಟ. ಹಿಂದಿನ ಸಾಲಿನಲ್ಲಿ ಕೂತರೆ ಇಡೀ ಅರಮನೆ ಒಂದೇ ನೋಟಕ್ಕೆ ಸಿಗುತ್ತದೆ.

ಏಳಕ್ಕೆ ದೀಪ ಹತ್ತುತ್ತದೆ. ಒಂದೊಂದಾಗಿ ಅಲ್ಲ, ಎಲ್ಲ ಒಟ್ಟಿಗೆ. ಅದುವರೆಗೆ ಬೂದು ಬಣ್ಣದ ಕಲ್ಲಿನ ಕಟ್ಟಡ. ಮರುಕ್ಷಣ ಕಲ್ಲು ಕಾಣುವುದೇ ಇಲ್ಲ. ಕಮಾನು, ಗುಮ್ಮಟ, ಕಂಬ, ಕೋಟೆಯ ದ್ವಾರ, ಆವರಣದ ದೇವಸ್ಥಾನ, ಎಲ್ಲದರ ಅಂಚು ಮಾತ್ರ ಹಳದಿ ಬೆಳಕಿನಲ್ಲಿ ಬರೆದಿರುತ್ತದೆ. ಸುಮಾರು 97 ಸಾವಿರ ಬಲ್ಬು. ಎಷ್ಟು ವರ್ಷದಿಂದ ನೋಡುತ್ತಿದ್ದೇನೆ, ಆ ಗಳಿಗೆಗೆ ಜನ ಎಲ್ಲ ಸೇರಿ 'ಓ' ಅನ್ನುವುದು ಇನ್ನೂ ತಪ್ಪಿಲ್ಲ.

ಆಮೇಲೆ ಅತ್ತೆ ಮತ್ತು ಮಗಳ ಜೊತೆ ಒಬ್ಬರು ಅಲ್ಲೇ ಕೂತಿರಲಿ. ಇನ್ನೊಬ್ಬರು ಮಗನನ್ನು ಕರೆದುಕೊಂಡು ಚಿಕ್ಕ ಗಡಿಯಾರ ಗೋಪುರದ ಕಡೆಗೆ ಹೋಗಿಬನ್ನಿ. ಊರೆಲ್ಲ ನೋಡಲು ಹೋಗಬೇಡಿ. ನೂರಕ್ಕೂ ಹೆಚ್ಚು ಕಿಲೋಮೀಟರ್ ರಸ್ತೆಗೆ ದೀಪ ಕಟ್ಟುತ್ತಾರೆ, ಯಾರಿಂದಲೂ ಅದು ಮುಗಿಯುವುದಿಲ್ಲ.

ತಿಪಟೂರಿನ ಸೊಸೆ
ಮೇಷ್ಟ್ರೇ, ತುಂಬಾ ಉಪಕಾರ ಆಯಿತು. ಅತ್ತೆಗೆ ಇದನ್ನು ಓದಿ ಹೇಳಿದೆ. 'ಕುರ್ಚಿ ಇದೆಯಂತಾ?' ಅಂತ ಎರಡು ಸಲ ಕೇಳಿದರು. ಮಗನನ್ನು ಕರೆದುಕೊಂಡು ಎಷ್ಟು ದೂರ ನಡೆಯಬಹುದು? ಯಾವ ರಸ್ತೆ?

ಗಾಂಧಿ ಚೌಕ
ಕೆ.ಆರ್. ಸರ್ಕಲ್‌ನಿಂದ ಸಯ್ಯಾಜಿರಾವ್ ರಸ್ತೆಯಲ್ಲಿ ಆಯುರ್ವೇದ ಆಸ್ಪತ್ರೆ ಸರ್ಕಲ್‌ವರೆಗೆ ಹೋಗಿ ವಾಪಸ್ ಬನ್ನಿ. ಹೋಗುವುದಕ್ಕೆ ಒಂದು ಕಿ.ಮೀ. ಕೂಡ ಆಗುವುದಿಲ್ಲ. ರಸ್ತೆಯ ಆ ಕಡೆಯಿಂದ ಈ ಕಡೆಗೆ ಚಪ್ಪರದ ಹಾಗೆ ದೀಪ ಕಟ್ಟಿರುತ್ತಾರೆ, ಕೆಳಗೆ ನಡೆಯುವಾಗ ಮಕ್ಕಳು ತಲೆ ಇಳಿಸುವುದಿಲ್ಲ. ಒಂದು ಪಕ್ಕಕ್ಕೆ ದೇವರಾಜ ಮಾರ್ಕೆಟ್. ಸರ್ಕಲ್‌ಗಳಲ್ಲಿ ಎಲ್‌ಇಡಿಯಿಂದ ಮಾಡಿದ ಪ್ರತಿಕೃತಿಗಳು ಇರುತ್ತವೆ, ವರ್ಷ ವರ್ಷ ಬೇರೆ ಬೇರೆ. ಸಾಕು ಅನ್ನಿಸಿದರೆ ಯಾವ ಜಾಗದಿಂದ ಬೇಕಾದರೂ ತಿರುಗಬಹುದು. ಚಿಕ್ಕ ಮಕ್ಕಳ ಜೊತೆ ಹೋಗುವಾಗ ಅದೇ ಮುಖ್ಯ.

ಇಬ್ಬರು ಮಕ್ಕಳ ತಾಯಿ
ಅಕ್ಕ, ನನ್ನ ಮಗನಿಗೂ ಸದ್ದು ಅಂದರೆ ಆಗುವುದಿಲ್ಲ. ಗಾಂಧಿ ಚೌಕ ಅವರು ಹೇಳಿದ ರಸ್ತೆ ಚೆನ್ನಾಗಿದೆ, ಆದರೆ ಒಂದು ವಿಷಯ ಯಾರೂ ಹೇಳಲಿಲ್ಲ. ಪೀಪಿ. ದಸರಾ ಜನಜಂಗುಳಿಯಲ್ಲಿ ಹುಡುಗರು ಹಿಂದಿನಿಂದ ಬಂದು ಕಿವಿ ಹತ್ತಿರವೇ ಪೀಪಿ ಊದುತ್ತಾರೆ. ಕೆಲವರಿಗೆ ಅದೇ ಹಬ್ಬ. ನನ್ನ ಮಗ ಫುಟ್‌ಪಾತ್ ಮೇಲೆ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಿಂದ ತಲೆ ಒತ್ತಿಕೊಂಡುಬಿಟ್ಟ. ಪಕ್ಕದಲ್ಲಿ ಮಿಣುಕುವ ಕೊಂಬು, ಬಲೂನ್ ಮಾರುತ್ತಿದ್ದ ಹೆಂಗಸು ತನ್ನ ಬುಟ್ಟಿಯನ್ನೇ ಅಡ್ಡ ಇಟ್ಟು ನಮಗೆ ಸ್ವಲ್ಪ ಜಾಗ ಮಾಡಿಕೊಟ್ಟರು. ಆ ತಾಯಿಯ ಮುಖ ಇನ್ನೂ ನೆನಪಿದೆ.

ಆದ್ದರಿಂದ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಥರದ್ದು ಮಕ್ಕಳಿಗೆ ಸಿಗುತ್ತದೆ, ತೆಗೆದುಕೊಳ್ಳಿ. ಮನೆಯಲ್ಲೇ ಒಂದು ವಾರ ಹಾಕಿ ಅಭ್ಯಾಸ ಮಾಡಿಸಿ. ಅಲ್ಲಿ ಹೋಗಿ ಹೊಸದಾಗಿ ಹಾಕಿದರೆ ಕಿತ್ತು ಎಸೆಯುತ್ತಾರೆ.

ಇನ್ನೊಂದು ದಾರಿಯೂ ಇದೆ. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ವ್ಯೂ ಪಾಯಿಂಟ್ ಇದೆ ಅಲ್ವಾ, ಅಲ್ಲಿಂದ ಇಡೀ ಊರು ಕಾಣುತ್ತದೆ. ದೂರದಲ್ಲಿ ಅರಮನೆ ಮಾತ್ರ ಬೇರೆ ಬಣ್ಣ. ಪೇಟೆಯ ಗಲಾಟೆ ಅಲ್ಲಿಗೆ ಕೇಳುವುದಿಲ್ಲ. ನಮ್ಮ ಮಗ ಅಲ್ಲಿಂದ ವಾಪಸ್ ಬರಲು ಒಪ್ಪಲೇ ಇಲ್ಲ.

ಹಿನಕಲ್ ಹುಡುಗ
ಪೀಪಿ ವಿಷಯ ನೂರಕ್ಕೆ ನೂರು ನಿಜ. ಮಾರುವುದನ್ನೇ ನಿಲ್ಲಿಸಬೇಕು.

ಮಂಡಕ್ಕಿ
ಡಬಲ್ ಡೆಕ್ಕರ್ ಅಂಬಾರಿ ಬಸ್ ಯಾರೂ ಹೇಳಲೇ ಇಲ್ಲವಲ್ಲ? ಕೆಎಸ್‌ಟಿಡಿಸಿಯದು, ಅಂದರೆ ರಾಜ್ಯ ಪ್ರವಾಸೋದ್ಯಮ ನಿಗಮದ್ದು. ಮೇಲೆ ತೆರೆದ ಸೀಟು. ನಡೆಯುವ ಕಷ್ಟವೇ ಇಲ್ಲ, ದೀಪಗಳ ಮಟ್ಟಕ್ಕೇ ಕೂತು ಹೋಗಬಹುದು.

ರಿಂಗ್ ರೋಡ್ ರಾಜ
ಬಸ್ಸು ಓಡುವುದೂ ಅದೇ ಟ್ರಾಫಿಕ್‌ನಲ್ಲೇ ಅಲ್ವಾ? ಕಾರಿಗೆ ಬೈದವರು ಬಸ್ಸಿಗೆ ಯಾಕೆ ಬೈಯುವುದಿಲ್ಲ?

ಗಾಂಧಿ ಚೌಕ
ಬಸ್ಸಿನಲ್ಲಿ ತುಂಬಾ ಜನ ಒಟ್ಟಿಗೆ ನೋಡುತ್ತಾರೆ ರಾಜಣ್ಣ, ಅದಕ್ಕೆ. ಆದರೆ ಈ ಅಕ್ಕನ ಅತ್ತೆಗೆ ಅದು ಬೇಡ. ಮೇಲಿನ ಅಂತಸ್ತಿಗೆ ಹತ್ತುವ ಮೆಟ್ಟಿಲು ಕಡಿದು. ಮಂಡಿ ನೋವಿದ್ದವರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಕೆಳಗಡೆ ಕೂತರೆ ಮಾಮೂಲಿ ಬಸ್ಸೇ. ಅಜ್ಜಿಗೆ ಅರಮನೆ ಸುತ್ತ ಟಾಂಗಾ ಸವಾರಿ ಮಾಡಿಸಿ ಬೇಕಾದರೆ. ಬಾಡಿಗೆ ಮೊದಲೇ ಮಾತಾಡಿಕೊಳ್ಳಿ. ಹತ್ತುವಾಗ ಒಂದು ಕೈ ಆಸರೆ ಕೊಟ್ಟರೆ ಸಾಕು.

ಲಂಡನ್ ಕನ್ನಡತಿ
ನಾನು ಮೈಸೂರಿನ ಸರಸ್ವತಿಪುರಂನವಳು, ಈಗ ಇಲ್ಲಿ ಇದ್ದೇನೆ. ಇಲ್ಲಿ ಕ್ರಿಸ್‌ಮಸ್ ಸಮಯದಲ್ಲಿ ಕ್ಯೂ ಗಾರ್ಡನ್ಸ್ ಅನ್ನುವ ಸಸ್ಯತೋಟದಲ್ಲಿ ದೀಪದ ದಾರಿ ಮಾಡುತ್ತಾರೆ, 2013ರಲ್ಲಿ ಶುರುವಾಗಿದ್ದು. ಟಿಕೆಟ್‌ನಲ್ಲಿ ಸಮಯ ಬರೆದಿರುತ್ತದೆ, ಆ ಹೊತ್ತಿಗೇ ಒಳಗೆ ಬಿಡುತ್ತಾರೆ. ಎಲ್ಲರೂ ಒಂದೇ ದಿಕ್ಕಿನಲ್ಲಿ ನಡೆಯಬೇಕು. ತಳ್ಳಾಟ ಇಲ್ಲ. ವೀಲ್‌ಚೇರ್, ಮಕ್ಕಳ ಗಾಡಿ ಆರಾಮಾಗಿ ಹೋಗುತ್ತವೆ. ನಮ್ಮ ಸಯ್ಯಾಜಿರಾವ್ ರಸ್ತೆಯಲ್ಲೂ ಹೀಗೆ ಮಾಡಬಾರದಾ? ಅಪ್ಪ ಅಮ್ಮನಿಗೆ ವಯಸ್ಸಾಗಿದೆ. ಅರಮನೆಯಿಂದ ಹೆಚ್ಚು ದೂರ ಇಲ್ಲದ ಕಡೆ ಮನೆ ಇದ್ದರೂ ದಸರಾ ದಿನ ಹೊರಗೆ ಬರಲು ಹೆದರುತ್ತಾರೆ. ಅದು ನನಗೆ ನೋವು.

ಅಗ್ರಹಾರದ ಮೇಷ್ಟ್ರು
ನೋವು ಅರ್ಥವಾಗುತ್ತದಮ್ಮ. ಆದರೆ ಟಿಕೆಟ್ ಅನ್ನುವ ಮಾತು ಒಪ್ಪಲಾರೆ. ಅದು ಬೇಲಿ ಹಾಕಿದ ತೋಟ, ಇದು ರಸ್ತೆ. ಹುಣಸೂರು, ಎಚ್.ಡಿ. ಕೋಟೆ, ಗುಂಡ್ಲುಪೇಟೆ ಕಡೆಯಿಂದ ಬುತ್ತಿ ಕಟ್ಟಿಕೊಂಡು ಬರುವ ಜನ, ಅರಮನೆ ಎದುರಿನ ಪಾರ್ಕಿನಲ್ಲಿ ಕೂತು ಊಟ ಮಾಡಿ, ದೀಪ ನೋಡಿಕೊಂಡು ರಾತ್ರಿ ಬಸ್ಸಿಗೆ ಹೋಗುತ್ತಾರೆ. ಅವರಿಗೆ ಮೊಬೈಲ್‌ನಲ್ಲಿ ಸಮಯ ಬುಕ್ ಮಾಡಿ ಅಂತ ಹೇಳುತ್ತೀರಾ? ನಾಡಹಬ್ಬ ಅಂತ ಕರೆದ ಮೇಲೆ ನಾಡಿನವರೆಲ್ಲ ಬರಬೇಕು.

ಲಂಡನ್ ಕನ್ನಡತಿ
ಮೇಷ್ಟ್ರೇ, ದುಡ್ಡು ತೆಗೆದುಕೊಳ್ಳಿ ಅಂತ ನಾನು ಹೇಳಲಿಲ್ಲ. ಒಂದೇ ದಿಕ್ಕಿನ ನಡಿಗೆ, ಗಾಡಿ ಇಲ್ಲದ ರಸ್ತೆ, ಅಲ್ಲಲ್ಲಿ ಬೆಂಚು. ಇಷ್ಟು ಮಾಡಲು ಟಿಕೆಟ್ ಬೇಕಿಲ್ಲ.

ಅಗ್ರಹಾರದ ಮೇಷ್ಟ್ರು
ಹಾಗಾದರೆ ನಾನೂ ನಿಮ್ಮ ಕಡೆ. ಕೆ.ಆರ್. ಸರ್ಕಲ್‌ನಿಂದ ಆ ಒಂದು ಕಿ.ಮೀ. ಸಂಜೆ ಆರರಿಂದ ಹತ್ತರವರೆಗೆ ಕಾಲ್ನಡಿಗೆಗೆ ಮಾತ್ರ ಬಿಡಬೇಕು. ಎಲ್ಲ ದಿನವೂ.

ರಿಂಗ್ ರೋಡ್ ರಾಜ
ಅಲ್ಲಿರುವ ಅಂಗಡಿಯವರನ್ನು ಕೇಳಿದ್ದೀರಾ? ಹಬ್ಬದ ವ್ಯಾಪಾರ ಹೋದರೆ ಯಾರು ಕೊಡುತ್ತಾರೆ?

ಮಾರ್ಕೆಟ್ ಮಗ
ನಮ್ಮದೇ ಅಂಗಡಿ ಇದೆ ಆ ಕಡೆ. ನಡೆದು ಬರುವವರೇ ನಮ್ಮ ಗಿರಾಕಿಗಳು. ಕಾರಿನಲ್ಲಿ ಹೋಗುವವರು ಹಾರ್ನ್ ಹೊಡೆಯುತ್ತಾರೆ, ನಿಲ್ಲಿಸುವುದಿಲ್ಲ. ಸರಕು ಮಧ್ಯಾಹ್ನದ ಒಳಗೇ ಇಳಿಸಿಕೊಳ್ಳುತ್ತೇವೆ. ಬಂದ್ ಮಾಡಲಿ, ನಮಗೆ ಒಳ್ಳೆಯದೇ.

ಕೊಳವೆಬಾವಿ
ನಾನು ರೈತ. ಚಾಮರಾಜನಗರ ಕಡೆಯವನು. ಬೇಜಾರು ಮಾಡಿಕೊಳ್ಳಬೇಡಿ, ಒಂದು ಪ್ರಶ್ನೆ. ನಮಗೆ ಪಂಪ್‌ಸೆಟ್ ಓಡಿಸುವ ತ್ರೀ ಫೇಸ್ ಕರೆಂಟ್‌ಗೆ ರಾತ್ರಿ ಎದ್ದು ಕಾಯಬೇಕು. ಇಲ್ಲಿ ಮರಕ್ಕೂ ಕಂಬಕ್ಕೂ ದೀಪ. ಇಷ್ಟು ಬೇಕಾ?

ಪವರ್ ಲೂಮ್
ಅಣ್ಣ, ಲೆಕ್ಕ ನೋಡೋಣ. ಅರಮನೆಯ ಬಲ್ಬು ತಲಾ 15 ವ್ಯಾಟ್ ಅಂತ ಹಿಡಿದರೆ, 97 ಸಾವಿರಕ್ಕೆ ಗಂಟೆಗೆ 1,450 ಯೂನಿಟ್ ಚಿಲ್ಲರೆ. 10 ಎಚ್‌ಪಿ ಪಂಪ್‌ಸೆಟ್ ಗಂಟೆಗೆ ಏಳೂವರೆ ಯೂನಿಟ್ ಎಳೆಯುತ್ತದೆ. ಅಂದರೆ ಇನ್ನೂರು ಪಂಪ್‌ಸೆಟ್ ಒಂದು ಗಂಟೆ ಓಡುವಷ್ಟು. ರಸ್ತೆಯ ಎಲ್‌ಇಡಿ ದೀಪಕ್ಕೆ ಒಂದೊಂದಕ್ಕೆ ತೀರಾ ಕಡಿಮೆ ಸಾಕು. ನಿಮ್ಮ ಕರೆಂಟ್ ತೊಂದರೆಗೆ ಕಾರಣ ಬೇರೆ. ಲೈನು, ಟ್ರಾನ್ಸ್‌ಫಾರ್ಮರ್, ಫೀಡರ್ ಸರಿ ಇಲ್ಲದಿರುವುದು. ದಸರಾ ದೀಪ ಆರಿಸಿದರೆ ಅದು ಸರಿಹೋಗುವುದಿಲ್ಲ.

ಕೊಳವೆಬಾವಿ
ಇನ್ನೂರು ಪಂಪ್‌ಸೆಟ್ ಅಂದರೆ ಇನ್ನೂರು ಮನೆ ಸ್ವಾಮಿ, ನಮಗೆ ಅದು ಸಣ್ಣ ಲೆಕ್ಕ ಅಲ್ಲ. ಅರಮನೆ ದೀಪ ಇರಲಿ. ನನಗೂ ಇಷ್ಟ, ಮಕ್ಕಳನ್ನು ಕರೆದುಕೊಂಡು ಬಂದು ನೋಡಿದ್ದೇನೆ. ಆದರೆ ನೋಡುವವರೇ ಇಲ್ಲದ ಬಡಾವಣೆ ರಸ್ತೆಗೂ ರಾತ್ರಿಯೆಲ್ಲ ಯಾಕೆ? ಪ್ರತಿ ವರ್ಷ ಇಷ್ಟು ಕಿ.ಮೀ. ಜಾಸ್ತಿ ಮಾಡಿದೆವು ಅಂತ ಹೇಳಿಕೊಳ್ಳುವುದು ಬಿಟ್ಟು, ಇರುವುದನ್ನು ಚೆನ್ನಾಗಿ ಮಾಡಲಿ.

ಕುವೆಂಪುನಗರ ನಿವಾಸಿ
ಈ ಕೊನೆಯ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಜೊತೆಗೆ ಮರಗಳ ವಿಷಯ. ಕಾಂಡಕ್ಕೆ ಬಿಗಿಯಾಗಿ ವೈರ್ ಸುತ್ತುತ್ತಾರೆ, ಕೆಲವು ಕಡೆ ಮೊಳೆ ಹೊಡೆಯುತ್ತಾರೆ, ಹಬ್ಬ ಮುಗಿದ ಮೇಲೆ ಅರ್ಧ ವೈರ್ ಅಲ್ಲೇ ಉಳಿಯುತ್ತದೆ. ರಾತ್ರಿ ಮರದಲ್ಲಿ ಕೂರುವ ಹಕ್ಕಿಗಳು ಎಲ್ಲಿಗೆ ಹೋಗಬೇಕು? ಕಂಬ, ಕಟ್ಟಡ, ಸರ್ಕಲ್‌ಗೆ ಕಟ್ಟಲಿ. ಮರ ಬಿಡಲಿ.

ಇತಿಹಾಸ ಪ್ರೇಮಿ
ಏಷ್ಯಾದಲ್ಲೇ ಮೊದಲು ಕರೆಂಟ್ ಬಂದದ್ದು ನಮ್ಮ ಮೈಸೂರಿಗೆ, ಮರೆಯಬೇಡಿ. ದೀಪ ನಮ್ಮ ಪರಂಪರೆ.

ಅಗ್ರಹಾರದ ಮೇಷ್ಟ್ರು
ಇಲ್ಲಪ್ಪ, ಅದು ಸರಿಯಲ್ಲ. ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ತಯಾರಾಯಿತು. ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, ಸುಮಾರು 150 ಕಿ.ಮೀ. ತಂತಿಯಲ್ಲಿ. ಬೆಂಗಳೂರಿಗೆ 1905ರಲ್ಲಿ, ಮೈಸೂರಿಗೆ 1908ರಲ್ಲಿ ದೀಪ ಬಂತು. ಡಾರ್ಜಿಲಿಂಗ್‌ನಲ್ಲಿ 1897ರಲ್ಲೇ ಜಲವಿದ್ಯುತ್ ಇತ್ತು. ಅದೇ 1897ರಲ್ಲಿ ಇಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಸುಟ್ಟುಹೋಯಿತು. ಈಗ ನಾವು ನೋಡುವ ಅರಮನೆ ಮುಗಿದದ್ದು 1912ರಲ್ಲಿ. ಅಂದರೆ ಊರಿಗೆ ಕರೆಂಟ್ ಬಂದಾಗ ಅರಮನೆ ಇನ್ನೂ ಕಟ್ಟುತ್ತಿದ್ದರು. ನಮ್ಮದು ಅಂತ ಹೆಮ್ಮೆಪಡಲು ಇಷ್ಟೇ ಸಾಕು, ಮೊದಲು ಅಂತ ಹೇಳಬೇಕಾಗಿಲ್ಲ.

ಇತಿಹಾಸ ಪ್ರೇಮಿ
ಡಾರ್ಜಿಲಿಂಗ್ ವಿಷಯ ಹೊಸದು ಸಾರ್. ಬರೆದುಕೊಂಡೆ.

ಕ್ಯಾಮೆರಾ ಕಣ್ಣು
ಅರಮನೆ ಮೇಲೆ ಎಲ್‌ಇಡಿ ಮಾತ್ರ ಹಾಕಬಾರದು. ಆ ಹಳದಿ ಬರುವುದು ಫಿಲಮೆಂಟ್ ಬಲ್ಬಿನಿಂದಲೇ. ಹಬ್ಬಕ್ಕೆ ಮುಂಚೆ ಕೆಟ್ಟ ಬಲ್ಬುಗಳನ್ನು ಒಂದೊಂದಾಗಿ ಬದಲಿಸುವುದನ್ನು ನೋಡಿ, ಗುಮ್ಮಟದ ಅಂಚಿನಲ್ಲಿ ಮನುಷ್ಯರು ಇರುತ್ತಾರೆ. ಅವರ ಕೆಲಸ ನಮಗೆ ರಾತ್ರಿ ಕಾಣುತ್ತದೆ.

ಫೋನಿನಲ್ಲಿ ಫೋಟೋ ತೆಗೆಯುವವರು ಪರದೆಯ ಮೇಲೆ ಅರಮನೆಯನ್ನು ಒತ್ತಿ ಬೆಳಕು ಕಡಿಮೆ ಮಾಡಿಕೊಳ್ಳಿ. ಇಲ್ಲದಿದ್ದರೆ ಬರೀ ಬಿಳಿ ಮುದ್ದೆ ಬರುತ್ತದೆ. ಮಳೆ ಬಂದು ನಿಂತ ಮೇಲೆ ನೆಲದಲ್ಲಿ ನೀರಿದ್ದರೆ ಫೋನ್ ತಲೆಕೆಳಗು ಹಿಡಿದು ನೀರಿನ ಹತ್ತಿರ ತನ್ನಿ, ಎರಡು ಅರಮನೆ ಸಿಗುತ್ತದೆ.

ಮಂಡಕ್ಕಿ
ಊಟದ ಬಗ್ಗೆ ಯಾರೂ ಮಾತಾಡುತ್ತಿಲ್ಲ! ಆಹಾರ ಮೇಳದಲ್ಲಿ ಕಾಡಿನ ಜನ ಮಾಡುವ ಬಂಬೂ ಬಿರಿಯಾನಿ ತಿನ್ನಿ. ಬಿದಿರಿನ ಗಳದ ಒಳಗೆ ಅಕ್ಕಿ, ಮಸಾಲೆ ತುಂಬಿ ಬೆಂಕಿಗೆ ಇಡುತ್ತಾರೆ. ಸಂಜೆ ಅರಮನೆ ಹತ್ತಿರ ಚುರುಮುರಿ. ಮಕ್ಕಳಿಗೆ ಖಾರ ಬೇಡ ಅಂತ ಮೊದಲೇ ಹೇಳಬೇಕು.

ತಿಪಟೂರಿನ ಸೊಸೆ
ನಾವು ಸಸ್ಯಾಹಾರಿಗಳು, ಚುರುಮುರಿ ಸಾಕು. ಮಗನಿಗೆ ಆನೆ ಹುಚ್ಚು. ಜಂಬೂಸವಾರಿಗೆ ಬರಲು ಆಗುವುದಿಲ್ಲ ಅಂತ ಹೇಳಿದ್ದಕ್ಕೆ ಮುಖ ಊದಿಸಿಕೊಂಡಿದ್ದಾನೆ.

ಮಾವುತರ ಓಣಿ
ಅವನಿಗೆ ಹೇಳಿ, ಆನೆ ಸಿಗುತ್ತದೆ. ಜಂಬೂಸವಾರಿಗೆ ಮುಂಚೆ ಬೆಳಗ್ಗೆ ಮತ್ತು ಸಂಜೆ ತಾಲೀಮು ನಡೆಯುತ್ತದೆ. ಬೆನ್ನ ಮೇಲೆ ಮರಳಿನ ಮೂಟೆ, ಆಮೇಲೆ ಮರದ ಅಂಬಾರಿ ಹೊರಿಸಿ ಅರಮನೆಯಿಂದ ಬನ್ನಿಮಂಟಪದವರೆಗೆ ನಡೆಸುತ್ತಾರೆ, ಸುಮಾರು 5 ಕಿ.ಮೀ. ಚಿನ್ನದ ಅಂಬಾರಿಯೇ 750 ಕೆ.ಜಿ., ಅದಕ್ಕೆ ಈ ಅಭ್ಯಾಸ. ಸಂಜೆ ತಾಲೀಮು ಇರುವ ದಿನ ಸಯ್ಯಾಜಿರಾವ್ ರಸ್ತೆಯ ಪಕ್ಕದಲ್ಲಿ ನಿಂತರೆ ತೀರಾ ಹತ್ತಿರದಿಂದ ಕಾಣುತ್ತದೆ. ಗೆಜ್ಜೆ, ಗಂಟೆ ಸದ್ದು ಮೊದಲು ಕೇಳುತ್ತದೆ. ಹಿತವಾದ ಸದ್ದು, ನಿಮ್ಮ ಮಗ ಹೆದರುವುದಿಲ್ಲ. ಫ್ಲಾಶ್ ಹಾಕಿ ಫೋಟೋ ತೆಗೆಯಬೇಡಿ, ಆನೆಯ ಹತ್ತಿರ ನುಗ್ಗಬೇಡಿ. ದಿನ, ಸಮಯ ಪತ್ರಿಕೆಯಲ್ಲಿ ಬರುತ್ತದೆ.

ನಾಗಮಂಗಲ ದಾರಿ
ತಿಪಟೂರಿನಿಂದ ತುರುವೇಕೆರೆ, ನಾಗಮಂಗಲ, ಪಾಂಡವಪುರ ಮೇಲೆ ಬರುತ್ತೀರಿ ಅಲ್ವಾ? ಶ್ರೀರಂಗಪಟ್ಟಣದಲ್ಲೇ ರೂಮ್ ಮಾಡಿ ಕಾರು ಅಲ್ಲೇ ಬಿಡಿ. ಹಬ್ಬದಲ್ಲಿ ಮೈಸೂರಿನ ಲಾಡ್ಜ್ ರೇಟು ಹೇಳುವ ಹಾಗಿಲ್ಲ. ಶ್ರೀರಂಗಪಟ್ಟಣದಿಂದ ರೈಲಿನಲ್ಲಿ ಬಂದರೆ ಟ್ರಾಫಿಕ್ ಗೊಡವೆಯೇ ಇಲ್ಲ.

ಇಬ್ಬರು ಮಕ್ಕಳ ತಾಯಿ
ರೂಮ್ ಅಲ್ಲಿ ಮಾಡುವುದು ಸರಿ, ರೈಲು ಬೇಡ. ಸ್ಟೇಷನ್ ಮೆಟ್ಟಿಲು, ರಾತ್ರಿ ರೈಲಿಗೆ ನೂಕುನುಗ್ಗಲು, ಕೈಯಲ್ಲಿ ನಿದ್ದೆ ಹೋದ ಮಗು. ಅಜ್ಜಿಗೆ ಸಾಕಾಗಿಹೋಗುತ್ತದೆ. ಬಾಡಿಗೆ ಗಾಡಿ ಮಾತಾಡಿಕೊಳ್ಳಿ. ಅವರು ದೊಡ್ಡಕೆರೆ ಮೈದಾನದ ಕಡೆ ಇಳಿಸಿ ಹೋಗಿ, ಫೋನ್ ಮಾಡಿದಾಗ ಬರಲಿ. ನಿಲ್ಲಿಸುವ ತಲೆನೋವು ನಿಮಗಿಲ್ಲ.

ರಿಂಗ್ ರೋಡ್ ರಾಜ
ಅಂತೂ ನಾಲ್ಕು ಚಕ್ರದ ಗಾಡಿಗೇ ಬಂದಿರಿ! ಇದನ್ನೇ ನಾನು ಮೊದಲಿಂದ ಹೇಳಿದ್ದು. ಅಜ್ಜಿ ವಿಷಯದಲ್ಲಿ ಈ ತಾಯಿ ಹೇಳಿದ್ದೇ ಸರಿ, ಹಾಗೇ ಮಾಡಿ.

ತಿಪಟೂರಿನ ಸೊಸೆ
ಯಜಮಾನರೂ ಒಪ್ಪಿದರು. ಮೂರನೇ ದಿನ ಹೋಗುವುದು ಅಂತ ಆಯಿತು. ಕೊನೆಯದಾಗಿ, ಸಂಜೆ ಮಳೆ ಬಂದರೆ? ಕೊಡೆ ತರಬೇಕಾ?

ಅಗ್ರಹಾರದ ಮೇಷ್ಟ್ರು
ಆ ಸಮಯದಲ್ಲಿ ಸಂಜೆ ಮಳೆ ಸಾಮಾನ್ಯ. ಕೊಡೆ ಬೇಡಮ್ಮ, ಎಲ್ಲರಿಗೂ ರೈನ್‌ಕೋಟ್ ತನ್ನಿ. ಕೊಡೆ ಬಿಚ್ಚಿದರೆ ಹಿಂದೆ ಕೂತವರಿಗೆ ಅರಮನೆ ಮರೆಯಾಗುತ್ತದೆ. ಕುರ್ಚಿ ಒರೆಸಲು ಒಂದು ಹಳೆ ಟವೆಲ್ ಇಟ್ಟುಕೊಳ್ಳಿ.